ಕ್ರೈಸ್ತರು ಯೋಚಿಸಿ ಮತ ಹಾಕುವುದು ಹೇಗೆ?

ಚುನಾವಣೆ ಹತ್ತಿರವಾದಂತೆ ಚರ್ಚಿನ ಅಂಗಳದಲ್ಲಿ ಕೇಳಿಬರುವ ಮಾತು: ‘ಈ ಸಲ ನಮ್ಮವರೆಲ್ಲ ಯಾರಿಗೆ ಹಾಕಬೇಕಂತೆ?’ ಈ ‘ಅಂತೆ’ಯನ್ನು ಮೊದಲು ಬಿಡಬೇಕು. ಮತ ನಿಮ್ಮದು, ಅದಕ್ಕೆ ಉತ್ತರ ಹೇಳಬೇಕಾದ ಮನಸ್ಸಾಕ್ಷಿಯೂ ನಿಮ್ಮದೇ.

1. ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು. ಹೊಸದಾಗಿ ಸೇರಲು ನಮೂನೆ 6, ಮನೆ ಬದಲಿಸಿದವರಿಗೆ ಮತ್ತು ತಿದ್ದುಪಡಿಗೆ ನಮೂನೆ 8. ಸಹಾಯವಾಣಿ 1950.

2. ಅಳತೆಗೋಲು ಇಟ್ಟುಕೊಳ್ಳಿ. ಚರ್ಚಿಗೆ ಸಮುದಾಯ ಭವನ, ಸ್ಮಶಾನಕ್ಕೆ ಕಾಂಪೌಂಡು: ಅಭ್ಯರ್ಥಿಗಳು ನಮ್ಮನ್ನು ಅಳೆಯುವುದು ಇಷ್ಟರಿಂದಲೇ. ಬೇಲಿಯೊಳಗಿನ ಲಾಭವನ್ನಷ್ಟೇ ಎಣಿಸಿದರೆ ನಾವೂ ಹಾಗೆಯೇ ಅಳೆದಂತಾಯಿತು. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ನೆನಪಿರಲಿ (ಅಧ್ಯಾಯ 29): ನೀವಿರುವ ಊರಿನ ಕ್ಷೇಮವನ್ನು ಬಯಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ. ಅದು ಪರಧರ್ಮದವರ ಊರಾಗಿತ್ತು! ಹಾಗಾಗಿ ಕೇಳಬೇಕಾದದ್ದು, ಕೂಲಿಯವರ ಸಂಬಳ, ಸರ್ಕಾರಿ ಆಸ್ಪತ್ರೆ, ಪಕ್ಕದ ಕೇರಿಯ ನೀರು ಈತನ ಕೈಯಲ್ಲಿ ಏನಾದೀತು ಎಂದು.

3. ಪ್ರಮಾಣಪತ್ರ ಓದಿ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಪ್ರಕರಣಗಳ ವಿವರವಿರುವ ನಮೂನೆ 26ರ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಯಾರಿಗಾದರೂ ಸಿಗುತ್ತದೆ, ಓದುವವರು ಮಾತ್ರ ಕಡಿಮೆ. ಕ್ರಿಮಿನಲ್ ಪ್ರಕರಣಗಳ ಭಾಗದಲ್ಲಿ ಸಂಖ್ಯೆ ಕಂಡು ಬೆಚ್ಚಬೇಡಿ, ಸೆಕ್ಷನ್ ನೋಡಿ. ರೈತರ ಜೊತೆ ರಸ್ತೆ ತಡೆ ನಡೆಸಿ ಅಕ್ರಮ ಕೂಟದ ಕೇಸು ಹಾಕಿಸಿಕೊಂಡವನೂ, ಸಹಕಾರ ಸಂಘದ ಹಣ ನುಂಗಿದ ಆರೋಪ ಹೊತ್ತವನೂ ಒಂದೇ ಅಲ್ಲ. ಬರೀ ದೂರು ದಾಖಲಾಗಿದೆಯೇ, ನ್ಯಾಯಾಲಯ ಆರೋಪ ನಿಗದಿ ಮಾಡಿದೆಯೇ ಎಂಬುದೂ ಅಲ್ಲಿಯೇ ಇರುತ್ತದೆ. ಆಸ್ತಿಯ ಪಟ್ಟಿಯಲ್ಲಿ ಪತಿ ಅಥವಾ ಪತ್ನಿಯ ಹಾಗೂ ಅವಲಂಬಿತರ ಅಂಕಣಗಳನ್ನು ಬಿಡಬೇಡಿ. ಹಿಂದೆಯೂ ಸ್ಪರ್ಧಿಸಿದ್ದರೆ ಆಗಿನ ಪತ್ರವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಭಾಷಣಕ್ಕಿಂತ ಈ ಎರಡು ಕಾಗದಗಳು ಹೆಚ್ಚು ಮಾತಾಡುತ್ತವೆ.

4. ಕುಕ್ಕರ್, ಸೀರೆ, ಕವರು. ‘ತೆಗೆದುಕೊಂಡು ಬೇರೆಯವರಿಗೆ ಹಾಕಿದರಾಯಿತು’ ಎಂಬ ಜಾಣತನ ನಡೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 170ರ ಪ್ರಕಾರ ಮತಕ್ಕಾಗಿ ಕೊಡುವುದೂ ಪಡೆಯುವುದೂ ಅಪರಾಧ. ಲಂಚ ಕಣ್ಣಿದ್ದವರನ್ನೂ ಕುರುಡಾಗಿಸುತ್ತದೆಂದು ವಿಮೋಚನಕಾಂಡವೂ ಎಚ್ಚರಿಸುತ್ತದೆ. ಹಂಚುತ್ತಿರುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಸಹಿತ ದೂರು ನೀಡಬಹುದು.

5. ಪೀಠದಿಂದ ಪಕ್ಷದ ಹೆಸರು ಬೇಡ. ಫಾದರ್ ಅಥವಾ ಸಭಾಪಾಲಕರು ‘ತಪ್ಪದೆ ಮತ ಹಾಕಿ’ ಎನ್ನಬಹುದು, ‘ಇಂಥವರಿಗೆ ಹಾಕಿ’ ಎನ್ನುವಂತಿಲ್ಲ. ಪೂಜಾಸ್ಥಳವನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ನಿಷೇಧಿಸಿದೆ. ಶಿಕ್ಷೆ 5 ವರ್ಷದವರೆಗೆ ಜೈಲು. ಮತದಾರನ ಧರ್ಮದ ಹೆಸರಿನಲ್ಲಿ ಅಭ್ಯರ್ಥಿ ಮತ ಕೇಳುವುದೂ ಭ್ರಷ್ಟ ಆಚರಣೆಯೇ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4–3ರ ಬಹುಮತದಿಂದ ತೀರ್ಪಿತ್ತಿದೆ. ನನ್ನ ಮಟ್ಟಿಗೆ ಇದು ಚರ್ಚಿಗೇ ಒಳ್ಳೆಯದು. ಒಂದು ಪಕ್ಷದ ಕೊರಳಿಗೆ ಬಿದ್ದ ಮೇಲೆ ಅದರ ತಪ್ಪನ್ನು ತೋರಿಸುವುದು ಹೇಗೆ? ಬೇಕಿದ್ದರೆ ಯಾರ ಪರವೂ ವಹಿಸದೆ, ಚರ್ಚಿನ ಹೊರಗೆ, ಎಲ್ಲ ಅಭ್ಯರ್ಥಿಗಳನ್ನೂ ಕರೆದು ಪ್ರಶ್ನೆ ಕೇಳುವ ಸಾರ್ವಜನಿಕ ಸಭೆ ಏರ್ಪಡಿಸಿ.

6. ಶಾಯಿ ಮಾಸಿದ ಮೇಲೆ. ಭಾನುವಾರದ ಪೂಜೆಗೆ ತಪ್ಪದವರು ವಾರ್ಡ್ ಸಭೆ, ಗ್ರಾಮ ಸಭೆಗೆ ಕಾಲಿಡುವುದು ಅಪರೂಪ. ಮನೆ ಯಾರಿಗೆ ಮಂಜೂರಾಗಬೇಕು, ಯಾವ ಚರಂಡಿ ಮೊದಲು ಎಂಬ ಚರ್ಚೆ ನಡೆಯುವುದು ಅಲ್ಲಿಯೇ. ಹಿಂದಿನ ಸಭೆಯ ನಡಾವಳಿ ಓದಿಸಿ, ಕೆಲಸ ಎಲ್ಲಿಗೆ ಬಂತೆಂದು ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಅರ್ಜಿಯ ನಕಲು, ರಸೀದಿ ಎರಡನ್ನೂ ಎತ್ತಿಟ್ಟುಕೊಳ್ಳಿ, ಮೇಲ್ಮನವಿಗೆ ಬೇಕಾಗುತ್ತದೆ.