ಲಿಂಬಿ ತೋಟದ ಮನೆಯಲ್ಲಿ ಮೂತ್ರಕೋಶದ ನೋವು: ನನ್ನ ಅನುಭವ

ಇಂಡಿ ತಾಲೂಕಿನಲ್ಲಿ ನಮ್ಮದು ಲಿಂಬಿ ತೋಟ. ಇಂಡಿ ಲಿಂಬೆಗೆ ಜಿಐ ಟ್ಯಾಗ್ (ಊರಿನ ಬೆಳೆಗೆ ಸರ್ಕಾರ ಕೊಡುವ ಗುರುತು) ಸಿಕ್ಕ ವರ್ಷ, 2023ರ ಬೇಸಿಗೆಯಲ್ಲಿ ನಾನು ದಿನಕ್ಕೆ ಎರಡು ಚರಿಗೆ ಲಿಂಬಿ ಶರಬತ್ತು ಕುಡಿಯುತ್ತಿದ್ದೆ, ಔಷಧಿ ಎಂದು. ಕಿಬ್ಬೊಟ್ಟೆಯಲ್ಲಿ ಉರಿ, ಒಂದಕ್ಕೆ ಹೋಗಿ ಬಂದು ಹತ್ತು ನಿಮಿಷವಾಗಿರುವುದಿಲ್ಲ, ಮತ್ತೆ ಅವಸರ. “ಉಷ್ಣ ಆಗ್ಯಾದವ್ವಾ ನಿನಗ. ಕುಡಿ, ತಂಪಾಗ್ತದ” ಎಂದು ಅತ್ತಿ ತಾವೇ ಹಣ್ಣು ಹಿಂಡಿ ಕೊಡುತ್ತಿದ್ದರು. ಕುಡಿದ ಒಂದೆರಡು ತಾಸಿಗೆ ಉರಿ ಏರುತ್ತಿತ್ತು. ಬಿಸಿಲಿಗೇ ಹೀಗಾಗುತ್ತಿರಬೇಕೆಂದು ಸಂಜೆ ಮತ್ತೊಂದು ಚರಿಗೆ.

ಆಗಲೇ ನೋವು ಶುರುವಾಗಿ ಎರಡು ವರ್ಷ ಕಳೆದಿತ್ತು. ಮೊದಲ ಸಲ ನಿಜಕ್ಕೂ ಸೋಂಕೇ ಇತ್ತು. ಐದು ದಿನದ ಗುಳಿಗೆಗೆ ಕಡಿಮೆಯಾಯಿತು. ಆಮೇಲೆ ನೋವು ಬಂದಾಗಲೆಲ್ಲ ಔಷಧಿ ಅಂಗಡಿಗೆ ಹಳೆಯ ಚೀಟಿ ಹೋಗುತ್ತಿತ್ತು, ಅದೇ ಆ್ಯಂಟಿಬಯಾಟಿಕ್ ಬರುತ್ತಿತ್ತು. ಒಂದು ವರ್ಷದಲ್ಲಿ ಏಳು ಕೋರ್ಸ್ ನುಂಗಿದೆ. ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಯೂರಿನ್ ಕಲ್ಚರ್ ಪರೀಕ್ಷೆ ಒಮ್ಮೆಯೂ ಮಾಡಿಸಿರಲಿಲ್ಲ. ಕೊನೆಗೆ ಮಾಡಿಸಿದಾಗ ರೋಗಾಣು ಬೆಳೆದಿರಲಿಲ್ಲ. ಮೂರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿದರೂ ಅದೇ ಉತ್ತರ. ಒಬ್ಬ ಡಾಕ್ಟರು ರಿಪೋರ್ಟ್ ಮೇಜಿನ ಮೇಲಿಟ್ಟು, “ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡ್ರಿ” ಎಂದರು. ಅವತ್ತು ಬಸ್ಸಿನಲ್ಲಿ ಕುಳಿತು ಅತ್ತುಬಿಟ್ಟೆ. ರಿಪೋರ್ಟ್ ಚೆನ್ನಾಗಿದೆ ಎಂದು ಅಳುವವಳು ನಾನೊಬ್ಬಳೇ ಇರಬೇಕು ಅನ್ನಿಸಿತ್ತು. ಹಾಗಲ್ಲ ಎಂಬುದು ಈಗ ಗೊತ್ತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಾಲೆಯ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ವಿಜಯಪುರದ ಯೂರಾಲಜಿ (ಮೂತ್ರರೋಗ) ಡಾಕ್ಟರಿಗೆ ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ: “ಮೂತ್ರದ ಚೀಲ ತುಂಬಿದಂಗ ನೋವು ಹೆಚ್ಚಾಗ್ತದೋ, ಹೋಗಿ ಬಂದ ಮ್ಯಾಲೆ ಸ್ವಲ್ಪ ಕಡಿಮಿ ಆಗ್ತದೋ?” ಹೌದು ಎಂದೆ. “ಟೀಚರ, ನಿಮ್ಮ ನೋವು ಖರೇನ ಅದ. ಇದಕ್ಕ ಹೆಸರೂ ಅದ” ಎಂದರು. ಬ್ಲ್ಯಾಡರ್ ಪೇನ್ ಸಿಂಡ್ರೋಮ್; ಹಳೆಯ ಹೆಸರು ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್. ಸೋಂಕಾಗಲಿ ಬೇರೆ ಕಾರಣವಾಗಲಿ ಇಲ್ಲದೆ ಆರು ವಾರಕ್ಕಿಂತ ಹೆಚ್ಚು ಕಾಲ ಮೂತ್ರಕೋಶದಲ್ಲಿ ನೋವು, ಒತ್ತಡ, ಪದೇಪದೇ ಅವಸರ ಇದ್ದರೆ ಇದನ್ನು ಅನುಮಾನಿಸುತ್ತಾರಂತೆ. ಚೀಲದ ಒಳಪೊರೆಯ ಕಾಪು ಸಡಿಲಾಗಿ ಮೂತ್ರದಲ್ಲಿರುವ ಉರಿ ತರುವ ವಸ್ತುಗಳು ನರಗಳನ್ನು ಕೆಣಕುತ್ತವೆ ಎಂಬುದು ಒಂದು ವಿವರಣೆ. ಒಂದೇ ಕಾರಣವೆಂದು ಯಾರೂ ಬೆರಳಿಟ್ಟು ತೋರಿಸಿಲ್ಲ.

ಹೆಸರಿಟ್ಟ ಮೇಲೂ ಅವರು ಕಲ್ಲು, ಗಡ್ಡೆ, ಮೂತ್ರಕೋಶದ ಟಿಬಿ, ಗರ್ಭಕೋಶದ ತೊಂದರೆ ಯಾವುದೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಟಿಬಿ ನಮ್ಮ ಕಡೆ ಮರೆಯುವಂಥದ್ದಲ್ಲ. ಸಾಮಾನ್ಯ ಕಲ್ಚರಿನಲ್ಲಿ ಅದು ಸಿಗುವುದೇ ಇಲ್ಲ, ಬೇರೆ ಪರೀಕ್ಷೆ ಬೇಕು. ಸಿಸ್ಟೊಸ್ಕೋಪಿ ಮಾಡಿ, ಅಂದರೆ ಮೂತ್ರನಾಳದಿಂದ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು, ಚೀಲದೊಳಗೆ ಕೆಂಪು ಹುಣ್ಣುಗಳಿವೆಯೇ ಎಂದೂ ನೋಡಿದರು. 1915ರಲ್ಲಿ ಅಮೆರಿಕದ ವೈದ್ಯ ಗೈ ಹನ್ನರ್ ವಿವರಿಸಿದ ಹುಣ್ಣುಗಳಿವು, ಕೆಲವರಲ್ಲಿ ಮಾತ್ರ ಇರುತ್ತವೆ, ಇದ್ದರೆ ಅವನ್ನು ಸುಟ್ಟು ಚಿಕಿತ್ಸೆ ಕೊಡುತ್ತಾರೆ. ನನಗೆ ಇರಲಿಲ್ಲ.

ಆಮೇಲೆ ಡಾಕ್ಟರು ಕೊಟ್ಟ ಕೆಲಸ ನನಗೆ ಗುಳಿಗೆಗಿಂತ ಹೆಚ್ಚು ಉಪಯೋಗವಾಯಿತು. ಮೂರು ದಿನ, ಪ್ರತಿ ಸಲ ಎಷ್ಟು ಗಂಟೆಗೆ ಹೋದೆ, ಎಷ್ಟು ಮಿಲಿ ಹೋಯಿತು, ಏನು ತಿಂದೆ, ಏನು ಕುಡಿದೆ, ನೋವು ಹತ್ತಕ್ಕೆ ಎಷ್ಟು ಎಂದು ಬರೆಯಬೇಕು. ಗೆರೆ ಇರುವ ಪ್ಲಾಸ್ಟಿಕ್ ಜಾರ್ ತಂದು ಬಚ್ಚಲಲ್ಲಿ ಇಟ್ಟೆ. ನಾಚಿಕೆಯಾಯಿತು, ಆದರೂ ಬರೆದೆ. 24 ತಾಸಿನಲ್ಲಿ 21 ಸಲ. ಒಂದೊಂದು ಸಲ 70, 80 ಮಿಲಿ. ಆರೋಗ್ಯವಂತರ ಚೀಲ 300ರಿಂದ 500 ಮಿಲಿ ಹಿಡಿಯುತ್ತದೆ. ರಾತ್ರಿ ಐದು ಸಲ ಏಳುತ್ತಿದ್ದೆ. ನಿದ್ದೆಗೆಟ್ಟು ಬೆಳಿಗ್ಗೆ ಮಕ್ಕಳ ಮೇಲೆ ರೇಗುತ್ತಿದ್ದುದು ಯಾಕೆಂದು ಆ ಹಾಳೆ ನೋಡಿದಾಗ ತಿಳಿಯಿತು. ಹಾಳೆಯಲ್ಲಿ ಇನ್ನೊಂದು ಸಂಗತಿ ಕಂಡಿತು: ಶರಬತ್ತಿನ ನಂತರದ ಸಾಲುಗಳಲ್ಲೆಲ್ಲ ನೋವು 7, 8.

ಇನ್ನೊಂದು ತಪ್ಪೂ ಅಲ್ಲೇ ಸಿಕ್ಕಿತು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ನೀರಿನ ಕಾಲಂ ಖಾಲಿ. ದಾರಿಯಲ್ಲಿ, ಶಾಲೆಯಲ್ಲಿ ಹೋಗುವುದು ತಪ್ಪಲಿ ಎಂದು ನೀರೇ ಕುಡಿಯುತ್ತಿರಲಿಲ್ಲ. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಕಡಿಮೆಯಾದಷ್ಟೂ ಮೂತ್ರ ಗಟ್ಟಿಯಾಗಿ ಚೀಲವನ್ನು ಹೆಚ್ಚು ಕೆಣಕುತ್ತದೆ. ಈಗ ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತೇನೆ, ಒಮ್ಮೆಲೇ ತಂಬಿಗೆ ಎತ್ತುವುದಿಲ್ಲ.

ನಾಲ್ಕು ವಾರ ಚಹಾ, ಲಿಂಬಿ, ಹುಣಸೆ, ಟೊಮೆಟೊ, ಖಾರ, ಪುಂಡಿಪಲ್ಲೆ ಎಲ್ಲ ಬಿಟ್ಟೆ. ಜೋಳದ ರೊಟ್ಟಿ, ಹೆಸರುಬೇಳೆ, ಸೌತೆಕಾಯಿ, ಹಾಲು, ಅನ್ನ. ಆಮೇಲೆ ಮೂರು ದಿನಕ್ಕೊಂದರಂತೆ ಒಂದೊಂದನ್ನೇ ವಾಪಸ್ ತಂದೆ. ಲಿಂಬಿ, ಹುಣಸೆ, ಚಹಾ, ಟೊಮೆಟೊ, ಪುಂಡಿ ನನಗೆ ಆಗುವುದಿಲ್ಲ. ಹುಳಿಯಿಲ್ಲದ ತಾಜಾ ಮಜ್ಜಿಗೆ ಆಗುತ್ತದೆ. ಶೇಂಗಾ ಹಿಂಡಿ ಒಂದು ಚಮಚ ಆಗುತ್ತದೆ. ಇನ್ನೊಬ್ಬಳಿಗೆ ಬೇರೆಯೇ ಪಟ್ಟಿ ಇರಬಹುದು. ಯಾರದೋ ಪಟ್ಟಿ ನೋಡಿ ಎಲ್ಲವನ್ನೂ ಜೀವಮಾನವಿಡೀ ಬಿಟ್ಟು ಸೊರಗಬೇಡಿ. ಊಟ ಈ ರೋಗಕ್ಕೆ ಮೂಲವಲ್ಲ, ಕೆರಳಿಸುತ್ತದೆ ಅಷ್ಟೆ.

ಅತ್ತಿಯವರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಡೈರಿಯ ಹಾಳೆಯನ್ನೇ ಓದಿ ತೋರಿಸಿದೆ. ಸುಮ್ಮನೆ ಕೂತಿದ್ದರು. ಆಮೇಲೆ “ನನ್ನ ಕೈಯಾರೆ ಕೊಟ್ಟೆನಲ್ಲವ್ವಾ” ಎಂದು ಕಣ್ಣೀರು ತಂದರು. ಅವರು ಕೊಟ್ಟದ್ದು ಪ್ರೀತಿಯಿಂದ. ತಿಳಿವಳಿಕೆ ನಮ್ಮಿಬ್ಬರಿಗೂ ಇರಲಿಲ್ಲ.

ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿಗ್ರಾಂ ಬರೆದುಕೊಟ್ಟಿದ್ದರು. ಅಂಗಡಿಯವರು “ಇದು ತಲಿ ಕೆಟ್ಟವರ ಗುಳಿಗಿ ಅಲ್ಲೇನ್ರೀ?” ಎಂದದ್ದಕ್ಕೆ ಮೂರು ದಿನ ಮುಟ್ಟಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಾಗ, ಕಡಿಮೆ ಪ್ರಮಾಣದಲ್ಲಿ ಅದು ನೋವಿನ ನರಗಳನ್ನು ತಣಿಸುತ್ತದೆ ಎಂದು ಬಿಡಿಸಿ ಹೇಳಿದರು. ಬಾಯಿ ಒಣಗಿತು, ಮೊದಲ ವಾರ ಬೆಳಿಗ್ಗೆ ಮಂಪರು. ಆದರೆ ರಾತ್ರಿ ಏಳುವುದು ಎರಡಕ್ಕೆ ಇಳಿಯಿತು. ಇದನ್ನು ಕೇಳದೆ ಶುರು ಮಾಡುವುದೂ ಬೇಡ, ತಟ್ಟನೆ ನಿಲ್ಲಿಸುವುದೂ ಬೇಡ.

ಉಳಿದ ಗಂಟು ಬಿಚ್ಚಿದ್ದು ಫಿಸಿಯೋಥೆರಪಿ. ಫೋನಿನಲ್ಲಿ ನೋಡಿ ನಾನು ಕೆಗೆಲ್ ವ್ಯಾಯಾಮ ಮಾಡುತ್ತಿದ್ದೆ, ಕೆಳಹೊಟ್ಟೆಯ ತಳದ ಸ್ನಾಯು ಬಿಗಿಹಿಡಿಯುವುದು. ಥೆರಪಿಸ್ಟ್ ಪರೀಕ್ಷಿಸಿ, “ಅಕ್ಕಾ, ನಿಮ್ಮ ಸ್ನಾಯು ಮೊದ್ಲ ಕಲ್ಲಾಗ್ಯಾವು, ಇನ್ನೂ ಬಿಗಿ ಹಿಡಿಬ್ಯಾಡ್ರಿ” ಎಂದಳು. ವರ್ಷಗಟ್ಟಲೆ ತಡೆಹಿಡಿದು ತಡೆಹಿಡಿದು ಆ ಸ್ನಾಯುಗಳೇ ಸೆಟೆದಿದ್ದವು. ಹತ್ತು ವಾರ ಅವಳ ಕೈಚಿಕಿತ್ಸೆ, ಮನೆಯಲ್ಲಿ ಹೊಟ್ಟೆಯುಬ್ಬಿಸಿ ಉಸಿರಾಟ, ಬಾಲಾಸನ. ಮಿಲನದ ಸಮಯದ ನೋವೂ ಇದರಿಂದಲೇ ಇಳಿಯಿತು. ಇದನ್ನು ಬರೆಯಲು ಸಂಕೋಚವಿತ್ತು, ಆದರೆ ಎಷ್ಟೋ ಹೆಂಗಸರು ಇದೊಂದನ್ನೇ ನುಂಗಿಕೊಂಡು ಕೂತಿದ್ದಾರೆ. ಅವಸರ ಬಂದಾಗ ಹತ್ತು ಸಲ ಉಸಿರು ಎಳೆದು ಬಿಡುವಷ್ಟು ಹೊತ್ತು ಮೂತ್ರ ತಡೆದು, ಹೋಗುವ ಅಂತರವನ್ನು ಹದಿನೈದು ನಿಮಿಷದಂತೆ ಬೆಳೆಸಿದ್ದು ನೋವು ತಗ್ಗಿದ ಮೇಲೆ. ಮೊದಲೇ ಮಾಡಿದ್ದರೆ ಹಿಂಸೆಯಾಗುತ್ತಿತ್ತು.

ಗುಣವಾಯಿತು ಎನ್ನುವುದಿಲ್ಲ. ಮುಟ್ಟಿನ ಮುಂಚೆ, ಶಾಲೆಯ ಪರೀಕ್ಷೆಯ ದಿನಗಳಲ್ಲಿ ಈಗಲೂ ಕೆರಳುತ್ತದೆ. ಆಗ ಬಿಸಿನೀರಿನ ಚೀಲ, ಸಪ್ಪೆ ಊಟ, ಎರಡು ದಿನ ತಾಳ್ಮೆ. ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಇದನ್ನೇ ಕಾರಣವೆಂದು ಕೂರುವುದಿಲ್ಲ, ಅದೇ ದಿನ ಕಲ್ಚರ್‌ಗೆ ಕೊಟ್ಟು ಡಾಕ್ಟರಿಗೆ ತೋರಿಸುತ್ತೇನೆ. ಹೋದ ತಿಂಗಳು ಮತ್ತೆ ಮೂರು ದಿನ ಅಳತೆ ಮಾಡಿದೆ: ದಿನಕ್ಕೆ 9 ಸಲ, ಹೆಚ್ಚಿನವು 200 ಮಿಲಿ ಮೇಲೆ. ಆ ಹಾಳೆಯನ್ನೂ ಅತ್ತಿಯವರಿಗೆ ಓದಿ ತೋರಿಸಿದೆ. ಈಗ ಸಾರಿಗೆ ಹುಣಸೆ ಹಿಂಡುವ ಮೊದಲು ಅವರು ನನಗೊಂದು ಬಟ್ಟಲು ಬೇರೆ ತೆಗೆದಿಡುತ್ತಾರೆ.