ಎರರ್ ತೋರಿಸದ ತಪ್ಪುಗಳು: ಸ್ಪ್ರೆಡ್‌ಶೀಟ್ ಕಲಿಸಿದ ನನ್ನ ಅನುಭವ

ಸ್ಪ್ರೆಡ್‌ಶೀಟ್ ಕಲಿಸಲು ಆರಂಭಿಸಿದ ಹೊಸದರಲ್ಲಿ ನಾನು ಫಾರ್ಮುಲಾಗಳ ಪಟ್ಟಿಯನ್ನೇ ಪಾಠವೆಂದು ಭಾವಿಸಿದ್ದೆ. ಮೊದಲ ದಿನ ಮೊತ್ತ ಕೂಡುವ ಸಮ್, ಮರುದಿನ ಷರತ್ತು ನೋಡುವ ಇಫ್, ಆಮೇಲೆ ಪಟ್ಟಿಯಲ್ಲಿ ಹುಡುಕಿ ತರುವ ವಿಲುಕಪ್. ತರಗತಿಯಲ್ಲಿ ಎಲ್ಲರೂ ಚೆನ್ನಾಗಿಯೇ ಮಾಡುತ್ತಿದ್ದರು. ತಮ್ಮ ಕೆಲಸದ ಶೀಟ್ ತೆರೆದೊಡನೆ ದಾರಿ ಕಾಣದೆ ಕೂರುತ್ತಿದ್ದರು. ನಾನು ಅಭ್ಯಾಸಕ್ಕೆ ಕೊಡುತ್ತಿದ್ದ ದತ್ತಾಂಶವನ್ನೆಲ್ಲ ನಾನೇ ಮೊದಲೇ ಹಸನು ಮಾಡಿಟ್ಟಿರುತ್ತಿದ್ದೆ ಎಂಬುದೇ ಅದಕ್ಕೆ ಕಾರಣವೆಂದು ನನಗೆ ತಡವಾಗಿ ಹೊಳೆಯಿತು.

ಈಗ ಮೊದಲ ತರಗತಿಯಲ್ಲಿ ಒಂದು ಫಾರ್ಮುಲಾವನ್ನೂ ಬರೆಸುವುದಿಲ್ಲ. ತಿಂಗಳಿಗೊಂದು ಕಾಲಂ, ನಡುನಡುವೆ ಖಾಲಿ ಸಾಲು, ಹಲವು ಸೆಲ್‌ಗಳನ್ನು ಒಂದಾಗಿಸಿ ಮರ್ಜ್ ಮಾಡಿದ ಶೀರ್ಷಿಕೆಗಳಿರುವ ಶೀಟೊಂದನ್ನು ಕೊಟ್ಟು, ಸಾಲಿಗೊಂದು ದಾಖಲೆ, ಕಾಲಂಗೊಂದೇ ಬಗೆಯ ಮಾಹಿತಿ ಬರುವಂತೆ ಅದನ್ನು ಮರುಜೋಡಿಸಲು ಹೇಳುತ್ತೇನೆ. ಹೀಗೆ ಜೋಡಿಸಿಕೊಂಡರೆ ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್ ಆಗಲಿ, ದತ್ತಾಂಶವನ್ನು ಗುಂಪುಗೂಡಿಸಿ ಸಾರಾಂಶ ಕೊಡುವ ಪಿವೋಟ್ ಟೇಬಲ್ ಆಗಲಿ ಅರ್ಧ ಗಂಟೆಯ ಪಾಠ. ಇದೇ ಹಂತದಲ್ಲಿ, ಪಠ್ಯವಾಗಿ ಉಳಿದುಬಿಟ್ಟ ಸಂಖ್ಯೆಗಳನ್ನೂ ತೋರಿಸುತ್ತೇನೆ: ನೋಡಲು ಅವು ಅಂಕಿಗಳೇ, ಆದರೆ ಸಮ್ ಅವುಗಳನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ.

ಈ ಸದ್ದಿಲ್ಲದ ತಪ್ಪುಗಳ ಭಯ ನನಗೆ ಹುಟ್ಟಿದ್ದು ನನ್ನದೇ ಎಡವಟ್ಟಿನಿಂದ. ಒಮ್ಮೆ ವಸ್ತುಗಳ ಕೋಡ್ ಹುಡುಕಿ ದರ ತರಲು ವಿಲುಕಪ್ ಬರೆದು, ಹೊಂದಾಣಿಕೆ ನಿಖರವಾಗಿರಬೇಕೋ ಅಂದಾಜಿನದು ಸಾಕೋ ಎಂದು ಹೇಳುವ ಅದರ ನಾಲ್ಕನೆಯ ಆರ್ಗ್ಯುಮೆಂಟನ್ನು ಬಿಟ್ಟಿದ್ದೆ. ಬಿಟ್ಟರೆ ಎಕ್ಸೆಲ್ ಅದನ್ನು ಟ್ರೂ ಎಂದೇ ತೆಗೆದುಕೊಂಡು, ಮೊದಲ ಕಾಲಂ ಏರಿಕೆಯ ಕ್ರಮದಲ್ಲಿದೆ ಎಂದು ನಂಬಿ, ಅಂದಾಜು ಹೊಂದಾಣಿಕೆ ಮಾಡುತ್ತದೆ. ನನ್ನ ಪಟ್ಟಿ ಆ ಕ್ರಮದಲ್ಲಿರಲಿಲ್ಲ. ಕೆಲವು ವಸ್ತುಗಳಿಗೆ ಬೇರೆ ವಸ್ತುಗಳ ದರ ಬಂದು ಕೂತಿತು, ಎಲ್ಲಿಯೂ ಎರರ್ ಕಾಣಲಿಲ್ಲ, ಸಾರಾಂಶವನ್ನು ಒಂದೆಡೆ ತೋರಿಸುವ ಡ್ಯಾಶ್‌ಬೋರ್ಡ್ ಅಂದವಾಗಿಯೇ ಇತ್ತು. ವಿಲುಕಪ್‌ನ ಹೊಸ ರೂಪವಾದ ಎಕ್ಸ್‌ಲುಕಪ್‌ನಲ್ಲಿ ನಿಖರ ಹೊಂದಾಣಿಕೆಯೇ ಮೊದಲ ಆಯ್ಕೆಯಾಗಿರುವುದರಿಂದ ಈಗ ಅದನ್ನೇ ಮೊದಲು ಕಲಿಸುತ್ತೇನೆ. ಹಳೆಯ ಆವೃತ್ತಿ ಬಳಸುವವರು ವಿಲುಕಪ್‌ನ ಆ ನಾಲ್ಕನೆಯ ಜಾಗದಲ್ಲಿ ಫಾಲ್ಸ್ ಎಂದು ಬರೆಯುವುದನ್ನು ಕೈಗೆ ರೂಢಿಸಿಕೊಳ್ಳಲೇಬೇಕು. ಎರರ್ ಬಂದಲ್ಲಿ ನಾವು ಹೇಳಿದ್ದನ್ನು ತೋರಿಸುವ ಇಫ್‌ಎರರ್ ಅನ್ನು ಮಾತ್ರ ಎಷ್ಟು ತಡವಾಗಿ ಕಲಿಸಿದರೂ ನನಗೆ ಸಮಾಧಾನವಿಲ್ಲ, ಏಕೆಂದರೆ ಕಲಿತವರು ಮರುದಿನವೇ ಎಲ್ಲ ಎರರ್‌ಗಳನ್ನೂ ಸೊನ್ನೆಯಾಗಿಸಿ ತರುತ್ತಾರೆ.

ಪಳಗಿದವರೂ ಹೀಗೆ ಎಡವುತ್ತಾರೆ ಎನ್ನಲು ಒಂದು ಉದಾಹರಣೆ ಕೊಡುತ್ತೇನೆ. ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಕುರಿತು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧದ ಶೀಟಿನಲ್ಲಿ, ಸರಾಸರಿಯ ಫಾರ್ಮುಲಾ 49ನೆಯ ಸಾಲಿನವರೆಗೆ ಹೋಗಬೇಕಾದದ್ದು 44ಕ್ಕೇ ನಿಂತು, ಐದು ದೇಶಗಳು ಹೊರಗುಳಿದಿದ್ದವು. 2013ರಲ್ಲಿ ಅದನ್ನು ಬಯಲಿಗೆ ತಂದವರಲ್ಲಿ ಒಬ್ಬ ವಿದ್ಯಾರ್ಥಿಯೂ ಇದ್ದರು. ದತ್ತಾಂಶವನ್ನು ಎಕ್ಸೆಲ್‌ನ ಟೇಬಲ್ ಆಗಿ ಪರಿವರ್ತಿಸಿ, ಫಾರ್ಮುಲಾದಲ್ಲಿ ಸಾಲಿನ ಸಂಖ್ಯೆಗಳ ಬದಲು ಕಾಲಂನ ಹೆಸರನ್ನು ಬಳಸಿದರೆ ಈ ಬಗೆಯ ತಪ್ಪಿಗೆ ಎಡೆಯೇ ಕಡಿಮೆ.

ಡ್ಯಾಶ್‌ಬೋರ್ಡ್ ಹಂತದಲ್ಲಿ ನಾನು ಹೆಚ್ಚು ತಿದ್ದುವುದು ಸರಾಸರಿಗಳ ಸರಾಸರಿಯನ್ನು. ಹತ್ತು ಜನರ ಗುಂಪಿನ ಸರಾಸರಿ 90, ನೂರು ಜನರ ಗುಂಪಿನದು 50 ಆಗಿದ್ದರೆ, ಒಟ್ಟು ಸರಾಸರಿ 70 ಅಲ್ಲ, ಸುಮಾರು 53.6. ಚಾರ್ಟ್‌ನ ಬಣ್ಣಗಳ ಬಗ್ಗೆ ನನ್ನಲ್ಲಿ ಹೇಳಲು ಹೆಚ್ಚೇನೂ ಇಲ್ಲ.

ಪ್ರತಿ ಡ್ಯಾಶ್‌ಬೋರ್ಡ್‌ನ ಮೂಲೆಯಲ್ಲಿ, ಮೂಲ ದತ್ತಾಂಶದ ಮೊತ್ತದಿಂದ ಅಲ್ಲಿ ತೋರಿಸಿದ ಭಾಗಗಳ ಮೊತ್ತವನ್ನು ಕಳೆಯುವ ಒಂದು ತಾಳೆ ಸೆಲ್ ಇಡಿಸುತ್ತೇನೆ. ಸೊನ್ನೆಯಲ್ಲದಿದ್ದರೆ ಅದು ಕೆಂಪಾಗಬೇಕು. ದಶಮಾಂಶಗಳು ಕಂಪ್ಯೂಟರಿನೊಳಗೆ ಸೊನ್ನೆ-ಒಂದುಗಳ ದ್ವಿಮಾನ ರೂಪದಲ್ಲಿರುವುದರಿಂದ, ಎಲ್ಲವೂ ಸರಿಯಿದ್ದಾಗಲೂ ಅತಿ ಸಣ್ಣ ವ್ಯತ್ಯಾಸ ಉಳಿದು ಸೆಲ್ ಕೆಂಪಾಗುವುದುಂಟು. ಅದಕ್ಕೆ ಅಂಕಿಯನ್ನು ಪೂರ್ಣಗೊಳಿಸುವ ರೌಂಡ್ ಹಾಕಬೇಕು. ಕೊನೆಯ ತರಗತಿಗೆ ಮುನ್ನ ಯಾರಿಗೂ ಹೇಳದೆ ಎಲ್ಲರ ಫೈಲಿನ ಮೂಲ ಶೀಟಿನಲ್ಲಿ ವಿಭಾಗದ ಹೆಸರೊಂದರ ಕೊನೆಗೆ ಒಂದು ಸ್ಪೇಸ್ ಸೇರಿಸಿಡುತ್ತೇನೆ. ಸಮ್‌ಇಫ್ಸ್‌ಗೆ ಅದು ಬೇರೆಯೇ ಹೆಸರು, ಆ ಸಾಲು ಯಾವ ವಿಭಾಗದ ಲೆಕ್ಕಕ್ಕೂ ಸೇರುವುದಿಲ್ಲ. ಯಾರ ಸೆಲ್ ಕೆಂಪಾಗಿದೆ ಎಂದು ನೋಡುತ್ತಾ ತರಗತಿಯಲ್ಲಿ ಒಂದು ಸುತ್ತು ಬರುತ್ತೇನೆ.