ದಿಢೀರ್ ಬ್ರೇಕ್: ತುಳಿಯುವುದು ಹೇಗೆ?

ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೊರಟಿದ್ದೀರಿ. ಡಿವೈಡರ್ ಸಂದಿಯಿಂದ ಹುಲ್ಲಿನ ಹೊರೆ ಹೇರಿಕೊಂಡ ಟಿವಿಎಸ್ ಒಂದು ದಿಢೀರನೆ ಅಡ್ಡ ಬರುತ್ತದೆ. ಅದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೇ ಸೆಕೆಂಡ್ ಹಿಡಿದರೂ ಕಾರು ಅಷ್ಟರಲ್ಲಿ 22 ಮೀಟರ್ ಓಡಿರುತ್ತದೆ. ಉಳಿದ ಜಾಗದಲ್ಲಿ ಅರ್ಧಂಬರ್ಧ ಬ್ರೇಕ್ ಹಾಕಿದರೆ ಆಗದು.

ಮೊದಲು ಎಬಿಎಸ್ ಇರುವ ಕಾರು. ಎಬಿಎಸ್ ಎಂದರೆ ಬ್ರೇಕ್ ಜೋರಾಗಿ ತುಳಿದಾಗ ಚಕ್ರ ತಿರುಗದೆ ಲಾಕ್ ಆಗುವುದನ್ನು ತಡೆಯುವ ವ್ಯವಸ್ಥೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಕೀ ತಿರುಗಿಸಿದಾಗ ಎಬಿಎಸ್ ದೀಪ ಹತ್ತಿ ಆರಬೇಕು. ಆರದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಬ್ರೇಕನ್ನು ಒಂದೇ ಏಟಿಗೆ, ಇದ್ದ ಬಲವೆಲ್ಲ ಹಾಕಿ ತುಳಿಯಿರಿ. ಪೆಡಲ್ ಪಾದದಡಿ ಟಕಟಕ ಒದೆಯುತ್ತದೆ, ಕೆಳಗಿನಿಂದ ಗರಗರ ಸದ್ದು ಬರುತ್ತದೆ. ಏನೋ ಮುರಿಯಿತೆಂದು ಬೆದರಿ ಬಹಳ ಜನ ಕಾಲೆತ್ತುವುದು ಇಲ್ಲೇ. ಎತ್ತಬೇಡಿ, ಅದು ಎಬಿಎಸ್ ಕೆಲಸ ಮಾಡುವ ರೀತಿ. ಚಕ್ರ ಲಾಕ್ ಆಗದ ಕಾರಣ ಸ್ಟೀರಿಂಗ್ ಮಾತು ಕೇಳುತ್ತದೆ. ಎದುರಿನ ಗಾಡಿಯನ್ನೇ ದಿಟ್ಟಿಸದೆ ಪಕ್ಕದ ಖಾಲಿ ಜಾಗ ನೋಡಿ, ಅತ್ತ ಮೆಲ್ಲಗೆ ತಿರುಗಿಸಿ. ಕ್ಲಚ್ ಕೊನೆಗೆ ಒತ್ತಿದರೆ ಸಾಕು. ಎಂಜಿನ್ ಆಫ್ ಆದರೆ ಆಗಲಿ ಬಿಡಿ.

ಎಬಿಎಸ್ ಇಲ್ಲದ ಹಳೆಯ ಕಾರಾದರೆ ಟೈರು ಕಿರುಚುತ್ತಾ ಜಾರತೊಡಗಿದ ಕೂಡಲೇ ಕಾಲನ್ನು ಸ್ವಲ್ಪವೇ ಸಡಿಲಿಸಿ, ಮತ್ತೆ ಒತ್ತಿ. ಲಾಕ್ ಆದ ಚಕ್ರ ಸ್ಟೀರಿಂಗ್ ಎತ್ತ ತಿರುಗಿಸಿದರೂ ನೆಟ್ಟಗೇ ಹೋಗುತ್ತದೆ. ಬೈಕಿನಲ್ಲಿ ಹ್ಯಾಂಡಲ್ ನೇರವಿಟ್ಟು ಎರಡೂ ಬ್ರೇಕ್ ಹಿಡಿಯಿರಿ. ಮುಂದಿನದಕ್ಕೆ ಹೆದರಿ ಹಿಂದಿನದನ್ನಷ್ಟೇ ತುಳಿಯುವ ಅಭ್ಯಾಸ ನಮ್ಮಲ್ಲಿದೆ. ಗಾಡಿ ನಿಲ್ಲಿಸುವ ಬಲ ಹೆಚ್ಚಿರುವುದು ಮುಂದಿನದರಲ್ಲೇ. ಒಮ್ಮೆಲೇ ಜಗ್ಗದೆ ಬಿಗಿ ಹೆಚ್ಚಿಸುತ್ತಾ ಹೋಗಿ.

ಸುಗ್ಗಿಯಲ್ಲಿ ಮಧುಗಿರಿ, ಪಾವಗಡ ಕಡೆ ಹೋಗುವವರಿಗೆ ಇನ್ನೊಂದು ಮಾತು. ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ ಒಕ್ಕಣೆ ಮಾಡಿರುತ್ತಾರೆ. ಮಾಡಬಾರದು ನಿಜ, ಆದರೆ ಕಣವಿಲ್ಲದ ರೈತನೊಂದಿಗೆ ಜಗಳಕ್ಕಿಳಿದರೆ ಟೈರಿಗೆ ಹಿಡಿತ ಬರುವುದಿಲ್ಲ. ವೇಗವನ್ನು ಡಾಂಬರಿನ ಮೇಲಿರುವಾಗಲೇ ಇಳಿಸಿ. ಹುಲ್ಲಿನ ಮೇಲೆ ಬ್ರೇಕ್ ತುಳಿದರೆ ಎಬಿಎಸ್ ಇದ್ದರೂ ಗಾಡಿ ಜಾರುತ್ತದೆ. ದಾಟಿದ ಮೇಲೆ ನಿಲ್ಲಿಸಿ, ತಳದಲ್ಲಿ ಹುಲ್ಲು ಸಿಕ್ಕಿದೆಯೇ ನೋಡಿ. ಕಾದ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹತ್ತಬಹುದು.

ಬ್ರೇಕೇ ಹಿಡಿಯದಿದ್ದರೆ ಪೆಡಲನ್ನು ಬೇಗಬೇಗ ಒತ್ತಿ ಬಿಡಿ, ಒತ್ತಡ ಮರಳಬಹುದು. ಜೊತೆಗೇ ಗೇರನ್ನು ಒಂದೊಂದಾಗಿ ಇಳಿಸಿ, ಇಂಡಿಕೇಟರ್ ನಾಲ್ಕೂ ಹಾಕಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಹಿಡಿದೇ ನಿಧಾನಕ್ಕೆ ಎಳೆಯಿರಿ. ಜಗ್ಗಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಗಿರ್ರನೆ ತಿರುಗುತ್ತದೆ.